ಗಾಲಿ ಮೇಲಿನ ಮನೆ ಬೆಚ್ಚಗಿರಲು

ಅಡುಗೆಕಟ್ಟೆ, ಮಂಚ, ಶೌಚಾಲಯ ಎಲ್ಲವನ್ನೂ ಹೊತ್ತು ಓಡಾಡುವ ವಾಹನಕ್ಕೆ ಅಮೆರಿಕ, ಕೆನಡಾಗಳಲ್ಲಿ ಆರ್‌ವಿ ಎನ್ನುತ್ತಾರೆ. ಆಲ್ಬರ್ಟಾದಂಥ ಪ್ರಾಂತ್ಯದಲ್ಲಿ ಹೊರಗೆ ಮೈನಸ್ 20 ಡಿಗ್ರಿ ಇದ್ದಾಗ ಅದರೊಳಗೆ 20 ಡಿಗ್ರಿ ಉಳಿಸಿಕೊಳ್ಳಬೇಕು. ದೊಡ್ಡ ಹೀಟರ್ ಕೊಳ್ಳುವ ಮೊದಲು ಕಿಟಕಿಯ ಕಡೆ ನೋಡುವುದು ಮೇಲು.

ಒಂಟಿ ಗಾಜಿನ ಒಂದು ಚದರ ಮೀಟರ್ ಇಂಥ ಚಳಿಯಲ್ಲಿ ಸುಮಾರು 230 ವ್ಯಾಟ್ ಶಾಖವನ್ನು ಹೊರಕ್ಕೆ ಬಿಡುತ್ತದೆ. ಸುಮ್ಮನೆ ಕೂತ ಇಬ್ಬರ ಮೈಯಿಂದ ಹೊರಡುವ ಶಾಖ ಹೆಚ್ಚುಕಡಿಮೆ ಇಷ್ಟೇ. ಒಳಬದಿಗೆ ಅಕ್ರಿಲಿಕ್ ಹಾಳೆ ಕೂರಿಸಿ ನಡುವೆ ಗಾಳಿ ಅಲುಗದಂತೆ ಮಾಡಿದರೆ ಸೋರಿಕೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಫಾಯಿಲ್ ಹಾಳೆಯನ್ನು ಗಾಜಿಗೆ ಒತ್ತಿ ಅಂಟಿಸುವವರೂ ಇದ್ದಾರೆ. ಗಾಜಿಗೆ ತಾಗಿದ ಬದಿಯ ಹೊಳಪು ದಂಡ, ಅದಕ್ಕೆ ಎದುರು ಗಾಳಿಯ ತೆರಪು ಬೇಕು. ಇನ್ನು ಗೋಡೆಯೊಳಗಿನ ಅಲ್ಯೂಮಿನಿಯಂ ಚೌಕಟ್ಟು. ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖ ಸಾಗಿಸುವ ಲೋಹ ಅದು. ಬೆಳಗ್ಗೆ ಎದ್ದು ನೋಡಿದರೆ ಚೌಕಟ್ಟು ಹಾದುಹೋದ ಕಡೆಯಲ್ಲೆಲ್ಲ ಗೋಡೆ ಬೆವೆತು ಗೆರೆ ಮೂಡಿರುತ್ತದೆ.

ಆ ಬೆವರಿಗೆ ನೀರು ಬರುವುದು ಉಸಿರಿನಿಂದ, ಅಡುಗೆಯಿಂದ. ಕೆಲವೊಮ್ಮೆ ಹೀಟರಿನಿಂದಲೂ. ಇಲ್ಲಿನ ಇಂಧನ ಪ್ರೊಪೇನ್. (ನಮ್ಮ ಅಡುಗೆ ಸಿಲಿಂಡರಿನ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ಮುಷ್ಕರ ಹೂಡುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ತಾಳಿಕೊಳ್ಳುತ್ತದೆ.) ಒಂದು ಕಿಲೋ ಪ್ರೊಪೇನ್ ಉರಿದರೆ ಗಾಳಿಯ ಆಮ್ಲಜನಕ ಸೇರಿ 1.6 ಕಿಲೋ ನೀರು ಹುಟ್ಟುತ್ತದೆ. ಹೊಗೆಕೊಳವೆ ಇಲ್ಲದ ಹೀಟರ್ ಆ ಆವಿಯನ್ನೆಲ್ಲ ಒಳಗೇ ಬಿಡುತ್ತದೆ. ಶಾಖವೂ ಪೂರ್ತಿ ಒಳಗೇ ಉಳಿಯುವುದರಿಂದ ಲೆಕ್ಕದಲ್ಲಿ ಅದರ ದಕ್ಷತೆ ನೂರಕ್ಕೆ ನೂರು. ಆದರೆ ಆವಿ ಹೋಗಲು, ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳದಿರಲು ಚಾವಣಿಯ ಗವಾಕ್ಷಿ ತೆರೆಯಲೇಬೇಕು; ತೆರೆದರೆ ಬಿಸಿಗಾಳಿಯೂ ಹೋಯಿತು. ಕೊಳವೆಯಲ್ಲಿ ಒಂದಿಷ್ಟು ಶಾಖ ಕಳೆದರೂ ಆವಿಯನ್ನು, ಹೊಗೆಯನ್ನು ಹೊರಗಟ್ಟುವ ಫರ್ನೇಸೇ ನನ್ನ ಮಟ್ಟಿಗೆ ವಾಸಿ.

ಗ್ಯಾಸ್ ಉಳಿಸಲು ಹಲವರು ಫರ್ನೇಸ್ ಬದಲು ಕರೆಂಟಿನ ಹೀಟರ್ ಹಚ್ಚುತ್ತಾರೆ. ಕೋಣೆ ಬೆಚ್ಚಗಾಗುತ್ತದೆ, ಥರ್ಮೋಸ್ಟ್ಯಾಟ್ ಫರ್ನೇಸನ್ನು ಹಚ್ಚುವುದೇ ಇಲ್ಲ. ಆದರೆ ಅನೇಕ ಆರ್‌ವಿಗಳಲ್ಲಿ ನೆಲದಡಿಯ ನೀರಿನ ಟ್ಯಾಂಕು, ಪೈಪುಗಳನ್ನು ಕಾಯುವುದು ಫರ್ನೇಸಿನಿಂದ ಅಲ್ಲಿಗೆ ಹರಿಯುವ ಬಿಸಿಗಾಳಿಯೇ. ಅದು ನಿಂತರೆ ಪೈಪಿನ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಹಾಗಾಗಿ ಕಡುಚಳಿಯ ರಾತ್ರಿ ಕರೆಂಟಿನ ಹೀಟರನ್ನು ತಗ್ಗಿಸಿಟ್ಟು, ಫರ್ನೇಸ್ ನಡುನಡುವೆ ಉರಿಯುವಂತೆ ಬಿಡಬೇಕು. ವಾಹನದ ಸುತ್ತ ನೆಲಮಟ್ಟದವರೆಗೆ ದಪ್ಪ ಟಾರ್ಪಾಲಿನ್ ಇಳಿಬಿಟ್ಟರೆ ಅಡಿಯಲ್ಲಿ ಗಾಳಿ ನುಗ್ಗುವುದು ನಿಂತು ಗ್ಯಾಸೂ ಉಳಿಯುತ್ತದೆ.