ಕೊನೆಯ ಸಾಲಿಗೂ ಕೇಳುವ ದನಿ

ಮನಿಲಾ, 1988. ಲಂಡನ್ನಿನಿಂದ ಬಂದ ನಾಟಕದ ತಂಡ ಆಡಿಷನ್ ನಡೆಸುತ್ತಿದೆ. ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್, ಸಂಗೀತ ಸಂಯೋಜಕ ಕ್ಲೋದ್-ಮಿಷೆಲ್ ಶೋನ್‌ಬರ್ಗ್ ಇಬ್ಬರೂ ಇದ್ದಾರೆ. ಅವರ ಹೊಸ ಸಂಗೀತ ನಾಟಕ ‘ಮಿಸ್ ಸೈಗಾನ್’ಗೆ ಕಿಮ್ ಬೇಕಾಗಿದ್ದಾಳೆ. ಅಮೆರಿಕದ ಸೈನಿಕನನ್ನು ಪ್ರೀತಿಸಿ, ಅವನ ಮಗುವನ್ನು ಎತ್ತಿಕೊಂಡು ಕಾಯುತ್ತ ಉಳಿಯುವ ವಿಯೆಟ್ನಾಮಿನ ಹುಡುಗಿ. ಎದುರಿಗೆ ನಿಂತ ಲೇಯಾ ಸಲೊಂಗಾಗೆ ಆಗ 17 ವರ್ಷ. ಅತೆನಿಯೋ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದು, ಮುಂದೆ ಡಾಕ್ಟರಾಗುವ ಯೋಚನೆ. ‘ಲೆ ಮಿಸರಾಬ್ಲ್’ ನಾಟಕದ ‘ಆನ್ ಮೈ ಓನ್’ ಹಾಡಿ ಮುಗಿಸುತ್ತಾಳೆ. ಕೂಡಲೇ ‘ಸನ್ ಅಂಡ್ ಮೂನ್’ ಹಾಡಿನ ಹಾಳೆ ಅವಳ ಕೈಗೆ ಬರುತ್ತದೆ. ಕೇಳಿದ್ದು ಸಾಲದು, ಹೊಸ ನಾಟಕದ ಹಾಡು ಆ ಬಾಯಲ್ಲಿ ಹೇಗಿರುತ್ತದೆಂದು ನೋಡುವ ಆತುರ ಅವರಿಗೆ.

ಹುಡುಗಿ ಹೊಸಬಳೇನಲ್ಲ. 1978ರಲ್ಲಿ, ಏಳನೇ ವಯಸ್ಸಿಗೇ, ರೆಪರ್ಟರಿ ಫಿಲಿಪೀನ್ಸ್ ತಂಡದ ‘ದ ಕಿಂಗ್ ಅಂಡ್ ಐ’ ನಾಟಕದಲ್ಲಿ ರಂಗ ಹತ್ತಿದವಳು. 1980ರಲ್ಲಿ ‘ಆ್ಯನಿ’ಯ ಹೆಸರಿನ ಪಾತ್ರವೇ ಅವಳದಾಯಿತು. ಮರುವರ್ಷ ಮೊದಲ ಆಲ್ಬಂ ‘ಸ್ಮಾಲ್ ವಾಯ್ಸ್’ ಬಂತು, ಅದಕ್ಕೆ ಗೋಲ್ಡ್ ಮನ್ನಣೆಯೂ ಸಿಕ್ಕಿತು. ಹತ್ತು ವರ್ಷದ ಮಗುವಿನ ಹಾಡನ್ನು ಜನ ದುಡ್ಡು ಕೊಟ್ಟು ಮನೆಗೊಯ್ದದ್ದರಲ್ಲಿ ಆಶ್ಚರ್ಯವಿಲ್ಲ. ಹುಟ್ಟುಹಬ್ಬಕ್ಕೆ, ಊರಹಬ್ಬಕ್ಕೆ ವಿಡಿಯೋಕೆ ಯಂತ್ರವನ್ನು ಬಾಡಿಗೆಗೆ ತಂದು, ಅಜ್ಜಿ ಮೊಮ್ಮಕ್ಕಳೆಲ್ಲ ಸರದಿಯಂತೆ ಹಾಡಿ, ಯಂತ್ರ ಕೊಡುವ ಅಂಕ ನೋಡಿ ಚಪ್ಪಾಳೆ ಹೊಡೆಯುವ ದೇಶ ಅದು. ಅಲ್ಲಿ ಹಾಡಲು ಬಾರದವರನ್ನು ಹುಡುಕುವುದೇ ಕಷ್ಟ. ಅಂಥ ಕಡೆ ಎದ್ದು ಕಾಣಬೇಕಾದರೆ ಒಳ್ಳೆಯ ಕಂಠ ಇದ್ದರೆ ಸಾಲದು.

ಆ ಹೆಚ್ಚಿನದು ಏನೆಂದು ಲಂಡನ್ನಿನ ಥಿಯೇಟರ್ ರಾಯಲ್ ಡ್ರೂರಿ ಲೇನ್‌ನಲ್ಲಿ ಗೊತ್ತಾಯಿತು. 1989ರ ಸೆಪ್ಟೆಂಬರ್ 20, ‘ಮಿಸ್ ಸೈಗಾನ್’ ತೆರೆ ಎದ್ದ ರಾತ್ರಿ. ವೇದಿಕೆಯ ಮೇಲೆ ಹೆಲಿಕಾಪ್ಟರ್ ಇಳಿಯುವ ಅಬ್ಬರ, ರಾಯಭಾರ ಕಚೇರಿಯ ಗೇಟಿನ ಆಚೀಚೆ ಜನರ ನೂಕುನುಗ್ಗಲು. ಇದೆಲ್ಲದರ ನಡುವೆ ಕಿಮ್ ಹಾಡಿದ ಒಂದೊಂದು ಪದವೂ ಬಾಲ್ಕನಿಯ ಕೊನೆಯ ಸಾಲಿಗೆ ಬಿಡಿಬಿಡಿಯಾಗಿ ತಲುಪಬೇಕು. ಅಳುತ್ತ ಹಾಡಿದರೂ ಅಕ್ಷರ ಒದ್ದೆಯಾಗಕೂಡದು. ಲೇಯಾ ಇದನ್ನು ಸಾಧಿಸಿದರು. 1990ರಲ್ಲಿ ಆಲಿವಿಯರ್, 1991ರಲ್ಲಿ ಬ್ರಾಡ್‌ವೇಯ ಟೋನಿ, ಎರಡೂ ಪ್ರಶಸ್ತಿ ಬಂದವು. ಆ ನಾಟಕದ ಲಂಡನ್ ಧ್ವನಿಮುದ್ರಿಕೆಯಲ್ಲಿ ಹೆಲಿಕಾಪ್ಟರ್ ಕಾಣದು, ಮಡಿಲಿನ ಮಗುವೂ ಕಾಣದು. ಕಣ್ಣಿಗೆ ಆಸರೆ ಏನೂ ಇಲ್ಲದಾಗ ಕಥೆಯ ಭಾರವನ್ನೆಲ್ಲ ಉಚ್ಚಾರಣೆಯೇ ಹೊರಬೇಕು. ಹೊರುತ್ತದೆ ಕೂಡ.

1992ರಲ್ಲಿ ಡಿಸ್ನಿಯ ‘ಅಲಾದ್ದೀನ್’. ರಾಜಕುಮಾರಿ ಜಾಸ್ಮಿನ್ ಮಾತಾಡುವುದು ಲಿಂಡಾ ಲಾರ್ಕಿನ್ ದನಿಯಲ್ಲಿ, ಹಾಡುವುದು ಲೇಯಾ ದನಿಯಲ್ಲಿ. ಎಸ್. ಜಾನಕಿ ಹಾಡಿಗೆ ನಾಯಕಿಯರ ತುಟಿ ಆಡಿದ್ದನ್ನು ಕಂಡೇ ಬೆಳೆದ ಕನ್ನಡಿಗರಿಗೆ ಇದೇನು ಹೊಸದು! ಹಾರುವ ಜಮಖಾನೆಯ ಮೇಲೆ ಬ್ರ್ಯಾಡ್ ಕೇನ್ ಜೊತೆ ಹಾಡಿದ ‘ಎ ಹೋಲ್ ನ್ಯೂ ವರ್ಲ್ಡ್’ಗೆ ಆಸ್ಕರ್ ಬಂತು. 1993ರ ಆ ಸಮಾರಂಭದ ವೇದಿಕೆಯಲ್ಲಿ ಇಬ್ಬರೂ ಖುದ್ದಾಗಿ ನಿಂತು ಹಾಡಿದರು. ಆದರೆ ಪಾಪ್ ಮಾರುಕಟ್ಟೆಗೆ ಬಿಟ್ಟ ಸಿಂಗಲ್ಲನ್ನು ಹಾಡಿದವರು ಪೀಬೋ ಬ್ರೈಸನ್ ಮತ್ತು ರೆಜಿನಾ ಬೆಲ್. ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿದ್ದು ಅದೇ. 1998ರ ‘ಮುಲಾನ್’ನಲ್ಲೂ ಇದೇ ಕಥೆ. ಚಿತ್ರದೊಳಗೆ ‘ರಿಫ್ಲೆಕ್ಷನ್’ ಹಾಡಿದ್ದು ಲೇಯಾ, ಸಿಂಗಲ್ ಹೋದದ್ದು ಕ್ರಿಸ್ಟಿನಾ ಅಗಿಲೆರಾ ಪಾಲಿಗೆ. ಪಟ್ಟಿಯ ಲೆಕ್ಕ ಯಾರದೇ ಇರಲಿ, ಮನೆಯಲ್ಲಿ ಅದೇ ವಿಡಿಯೋ ಕ್ಯಾಸೆಟ್ಟನ್ನು ಹಿಂದಕ್ಕೋಡಿಸಿ ಮತ್ತೆ ಮತ್ತೆ ನೋಡಿದ ಮಕ್ಕಳ ಕಿವಿಯಲ್ಲಿ ಕೂತದ್ದು ಚಿತ್ರದೊಳಗಿನ ದನಿ. 2011ರಲ್ಲಿ ಡಿಸ್ನಿ ಅವರನ್ನು ‘ಡಿಸ್ನಿ ಲೆಜೆಂಡ್’ ಎಂದು ಗೌರವಿಸಿತು.

ಸ್ವಂತ ಹೆಸರಿನ ಆಲ್ಬಂಗಳ ದಾರಿ ಬೇರೆ. 1993ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ತಂದ ‘ಲೇಯಾ ಸಲೊಂಗಾ’ ಆಲ್ಬಂ ಅಮೆರಿಕದ ಪಟ್ಟಿಗಳಲ್ಲಿ ದೊಡ್ಡ ಸದ್ದೇನೂ ಮಾಡಲಿಲ್ಲ. ಅದರ ‘ವಿ ಕುಡ್ ಬಿ ಇನ್ ಲವ್’ ಮಾತ್ರ ತವರಿನಲ್ಲಿ ಬೇರು ಬಿಟ್ಟಿತು. ಆಮೇಲೆ ಸಾಲಾಗಿ ಬಂದವು ‘ಲೇಯಾ... ಇನ್ ಲವ್’, ‘ಬೈ ಹಾರ್ಟ್’ ಮುಂತಾದವು. 2000ದಲ್ಲಿ ಕ್ರಿಸ್‌ಮಸ್ ಆಲ್ಬಂ. ಫಿಲಿಪೀನ್ಸ್‌ನಲ್ಲಿ ಕ್ರಿಸ್‌ಮಸ್ ಹಾಡಿನ ಆಲ್ಬಂ ಎಂದರೆ ವಾರದೊಪ್ಪತ್ತಿನ ಸರಕಲ್ಲ. ಸೆಪ್ಟೆಂಬರ್ ಒಂದನೇ ತಾರೀಕಿಗೇ ಮಾಲುಗಳಲ್ಲಿ ಹಬ್ಬದ ಹಾಡು ಶುರು. ಬೆವರೊರೆಸುತ್ತ ಎಸ್ಕಲೇಟರ್ ಹತ್ತುವವರ ತಲೆಯ ಮೇಲೆ ನಕ್ಷತ್ರದಾಕಾರದ ‘ಪರೋಲ್’ ದೀಪಗಳು ತೂಗುತ್ತಿರುತ್ತವೆ. ನಾಲ್ಕು ತಿಂಗಳು ಬಿಡದೆ ಕೇಳಿದರೂ ಬೇಸರ ತರಿಸದ ದನಿ ಅಲ್ಲಿ ಬೇಕು.

ರಂಗ ಮತ್ತು ರೆಕಾರ್ಡಿಂಗ್ ಎರಡೂ ಒಂದೇ ಆದ ಸಂಜೆ 1995ರ ಅಕ್ಟೋಬರ್ 8. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ‘ಲೆ ಮಿಸರಾಬ್ಲ್’ನ ಹತ್ತನೇ ವರ್ಷದ ಕಛೇರಿ. ಸೆಟ್ ಇಲ್ಲ, ಓಡಾಟವಿಲ್ಲ. ವೇಷ ತೊಟ್ಟ ನಟರು ಮೈಕುಗಳ ಮುಂದೆ ಬಂದು ನಿಂತು ಹಾಡುತ್ತಾರೆ, ಹಿಂದೆ ಇಡೀ ವಾದ್ಯವೃಂದ. ಎಪೋನಿನ್ ಪಾತ್ರಕ್ಕಾಗಿ ಉದ್ದ ಕೋಟು ತೊಟ್ಟ ಲೇಯಾ ಮೈಕಿನ ಮುಂದೆ ನಿಂತರು. ಅಂದು ಮನಿಲಾದಲ್ಲಿ ಪರೀಕ್ಷೆಗೆಂದು ಹಾಡಿದ ಅದೇ ‘ಆನ್ ಮೈ ಓನ್’. ದನಿಯೇರಿಸಿ ಗೆಲ್ಲಬಹುದಾದ ಹಾಡಿದು. ಅವರು ಮೊದಲ ಸಾಲುಗಳನ್ನು ಬಹುತೇಕ ಮಾತಿನಷ್ಟೇ ಸಣ್ಣದಾಗಿ ಹಿಡಿದಿಟ್ಟು, ಏರಿಕೆಯನ್ನು ಕೊನೆಗೆಂದು ಉಳಿಸಿಕೊಂಡರು. 2010ರ 25ನೇ ವರ್ಷದ ಕಛೇರಿಯಲ್ಲಿ ಅವರು ಹಾಡಿದ್ದು ಫ್ಯಾಂಟೀನ್ ಪಾತ್ರ. ಹುಡುಗಿಯ ವಿರಹ ಹಾಡಿದವರು ತಾಯಿಯ ಸಂಕಟಕ್ಕೆ ಬಂದಿದ್ದರು.

ಇಂಗ್ಲಿಷಿನಲ್ಲೇ ಹೆಸರು ಮಾಡಿದ ಗಾಯಕಿ 2017ರ ‘ಬಹಾಗ್‌ಹಾರಿ’ ಆಲ್ಬಮ್ಮಿನಲ್ಲಿ ತಮ್ಮ ದ್ವೀಪಗಳ ಬೇರೆ ಬೇರೆ ನುಡಿಗಳ ಜನಪದ ಹಾಡುಗಳನ್ನು ಹಾಡಿದರು. ಪದವನ್ನು ಬಿಡಿಸಿ ಹೇಳುವ ಹಳೆಯ ಅಭ್ಯಾಸ ಅಲ್ಲಿಯೂ ಕೈಬಿಡಲಿಲ್ಲ. ಲೇಯಾ ಅವರನ್ನು ಮೊದಲ ಸಲ ಕೇಳುವವರಿಗೆ ನನ್ನ ಸಲಹೆ ಇಷ್ಟೇ: ಪಾಪ್ ಆಲ್ಬಂಗಳಿಂದ ಶುರು ಮಾಡಬೇಡಿ. ‘ಮಿಸ್ ಸೈಗಾನ್’ನ ಲಂಡನ್ ಮುದ್ರಿಕೆ ಕೇಳಿ, 1995ರ ಕಛೇರಿ ಕೇಳಿ, ಆಮೇಲೆ ಪ್ರೇಮಗೀತೆಗಳಿಗೆ ಬನ್ನಿ. ಸಾಧಾರಣ ಹಾಡೂ ಅವರ ಬಾಯಲ್ಲಿ ಏಕೆ ನಿಲ್ಲುತ್ತದೆಂದು ಆಗ ತಾನಾಗಿಯೇ ತಿಳಿಯುತ್ತದೆ.