ಚಿತ್ರದ ಕೆಳಗೊಂದು ಸಾಲು

ನಾಳೆ ಏಳನೇ ತರಗತಿಗೆ ಹೂವಿನ ಭಾಗಗಳ ಪಾಠ. ದಾಸವಾಳವನ್ನು ಉದ್ದಕ್ಕೆ ಸೀಳಿ ತೋರಿಸಿದ ಒಳ್ಳೆಯ ಚಿತ್ರವೊಂದನ್ನು ಎಲ್ಲೋ ನೋಡಿದ ನೆನಪು ಶಿಕ್ಷಕಿಗೆ. ವಾಟ್ಸ್‌ಆ್ಯಪ್ ಗುಂಪಿನಲ್ಲೊ, ಯೂಟ್ಯೂಬಿನಲ್ಲೊ ತಿಳಿಯದು. ಹಬ್ಬದ ಶುಭಾಶಯ, ಇಲಾಖೆಯ ಸುತ್ತೋಲೆ, ಮದುವೆ ಫೋಟೊಗಳ ರಾಶಿಯಲ್ಲಿ ಅರ್ಧ ಗಂಟೆ ತಡಕಾಡಿ, ಕಡೆಗೆ ಕರಿಹಲಗೆಯ ಮೇಲೆ ತಾವೇ ಬಿಡಿಸುವುದೆಂದು ಸುಮ್ಮನಾಗುತ್ತಾರೆ. ಸಾಮಗ್ರಿ ಫೋನಿನಲ್ಲೇ ಇತ್ತು, ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ.

ಈ ತೊಡಕಿನ ಬೇರು ನಮ್ಮ ನೆನಪಿನ ಸ್ವಭಾವದಲ್ಲಿದೆ. ಕಣ್ಣೆದುರು ಇಲ್ಲದ್ದನ್ನು ಮನಸ್ಸಿಗೆ ತಂದುಕೊಳ್ಳುವುದು ನೆನಪಿನ ಒಂದು ಕೆಲಸ, ಎದುರಿಗಿರುವುದನ್ನು ಗುರುತಿಸುವುದು ಇನ್ನೊಂದು. ಮೊದಲನೆಯದು ಕಷ್ಟ, ಎರಡನೆಯದು ಸಲೀಸು. ಹಳೆಯ ಸಹಪಾಠಿಯ ಹೆಸರು ಎಷ್ಟು ಯೋಚಿಸಿದರೂ ಹೊಳೆಯದಿರಬಹುದು. ಆದರೆ ಜಾತ್ರೆಯ ಗದ್ದಲದಲ್ಲಿ ಅವನ ಮುಖ ಕಂಡರೆ ಸಾಕು, ಗುರುತು ಹತ್ತಿಬಿಡುತ್ತದೆ.

ಚಿತ್ರಗಳ ವಿಷಯದಲ್ಲಂತೂ ಈ ಗುರುತಿಸುವ ಶಕ್ತಿ ಬೆರಗು ಹುಟ್ಟಿಸುವಷ್ಟು ದೊಡ್ಡದು. ಕೆನಡಾದ ಮನೋವಿಜ್ಞಾನಿ ಲಯೊನೆಲ್ ಸ್ಟ್ಯಾಂಡಿಂಗ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ವಯಂಸೇವಕರಿಗೆ ಐದು ದಿನಗಳಲ್ಲಿ 10,000 ಚಿತ್ರಗಳನ್ನು ತೋರಿಸಲಾಯಿತು. ಆಮೇಲೆ ಒಂದು ಹಳೆಯ ಚಿತ್ರ, ಒಂದು ಹೊಸ ಚಿತ್ರವನ್ನು ಜೋಡಿಯಾಗಿಟ್ಟು ಮೊದಲು ನೋಡಿದ್ದು ಯಾವುದೆಂದು ಕೇಳಿದಾಗ, ಸುಮಾರು ಶೇ. 83ರಷ್ಟು ಉತ್ತರಗಳು ಸರಿಯಾಗಿದ್ದವು. ಅದೇ ದೇಶದ ಅಲನ್ ಪೈವಿಯೊ ಇದಕ್ಕೊಂದು ವಿವರಣೆ ಕೊಟ್ಟರು. ಚಿತ್ರ ನೋಡಿದಾಗ ಮನಸ್ಸು ಅದರ ರೂಪವನ್ನೂ ಹೆಸರನ್ನೂ ಎರಡು ಬಗೆಯಲ್ಲಿ ಉಳಿಸಿಕೊಳ್ಳುತ್ತದೆ. ಒಂದು ಎಳೆ ಕಡಿದರೂ ಇನ್ನೊಂದನ್ನು ಹಿಡಿದು ನೆನಪನ್ನು ಎಳೆದುಕೊಳ್ಳಬಹುದು.

2010ರಲ್ಲಿ ಅಮೆರಿಕದಲ್ಲಿ ಶುರುವಾದ ಪಿಂಟ್‌ರೆಸ್ಟ್ ಆ್ಯಪ್ ನೆಚ್ಚಿಕೊಂಡಿರುವುದು ಈ ಶಕ್ತಿಯನ್ನೇ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬೆನ್ ಸಿಲ್ಬರ್ಮನ್ ಚಿಕ್ಕಂದಿನಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದವರು. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಪ್ರತಿ ಕೀಟಕ್ಕೂ ಒಂದು ಪಿನ್ನು ಇರುವಂತೆ, ಇಲ್ಲಿ ಜಾಲತಾಣದಲ್ಲಿ ಕಂಡ ಚಿತ್ರವನ್ನು ಒಂದು ಬೋರ್ಡಿಗೆ ಪಿನ್ ಮಾಡಬಹುದು. ಒತ್ತಿದರೆ ಅದು ಮೂಲ ಪುಟಕ್ಕೆ ಕರೆದೊಯ್ಯುತ್ತದೆ. ‘ಏಳನೇ ತರಗತಿ ವಿಜ್ಞಾನ’ ಎಂದೊಂದು ಬೋರ್ಡ್ ಮಾಡಿ, ಒಳಗೆ ಪಾಠಕ್ಕೊಂದು ವಿಭಾಗ ತೆರೆದರೆ, ಶಿಕ್ಷಕಿ ಹೆಸರು ನೆನಪಿಸಿಕೊಳ್ಳಬೇಕಿಲ್ಲ. ಕಣ್ಣಾಡಿಸಿದರೆ ಕೆಂಪು ದಾಸವಾಳ ತಾನಾಗಿ ಕಾಣುತ್ತದೆ.

ಹಾಗೆ ಓರಣವಾಗಿ ಜೋಡಿಸಿದ್ದರಿಂದ ಯಂತ್ರವೂ ಕಲಿಯುತ್ತದೆ. ಕಂಪ್ಯೂಟರು ಚಿತ್ರವನ್ನು ಉದ್ದನೆಯ ಸಂಖ್ಯಾಸರಣಿಯಾಗಿ ಬದಲಿಸಿಕೊಳ್ಳುತ್ತದೆ. ಸರಣಿಗಳು ಹತ್ತಿರವಿದ್ದರೆ ಚಿತ್ರಗಳೂ ಹೋಲುತ್ತವೆಂದು ಲೆಕ್ಕ. ಆದರೆ ಕೆಂಪು ದಾಸವಾಳಕ್ಕೂ ಕೆಂಪು ಕೊಡೆಗೂ ಬಣ್ಣ ಒಂದೇ ಆಗಿರಬಹುದಲ್ಲ? ಅದಕ್ಕೇ 2018ರಲ್ಲಿ ಪ್ರಕಟವಾದ ಪಿಂಟ್‌ರೆಸ್ಟ್‌ನ ‘ಪಿನ್‌ಸೇಜ್’ ವಿಧಾನ, ಜನ ಯಾವ ಚಿತ್ರದ ಪಕ್ಕದಲ್ಲಿ ಯಾವುದನ್ನು ಇಟ್ಟಿದ್ದಾರೆಂಬುದನ್ನೂ ಗಮನಿಸಿತು. ಪಿನ್ನು, ಬೋರ್ಡುಗಳೆಲ್ಲ ಸೇರಿ 300 ಕೋಟಿ ಬಿಂದುಗಳು, ಅವುಗಳ ನಡುವೆ 1,800 ಕೋಟಿ ಕೊಂಡಿಗಳಿದ್ದ ಜಾಲವದು. ದಾಸವಾಳ ಮತ್ತು ಪರಾಗಸ್ಪರ್ಶದ ಚಿತ್ರಗಳನ್ನು ಒಟ್ಟಿಗಿಟ್ಟ ಒಬ್ಬೊಬ್ಬರೂ ಯಂತ್ರಕ್ಕೆ ಒಂದಿಷ್ಟು ಪಾಠ ಹೇಳಿದಂತಾಯಿತು.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ಉಳಿಸಿಟ್ಟೆವೆಂಬ ನೆಮ್ಮದಿಯಲ್ಲಿ ಮನಸ್ಸು ಸಡಿಲವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯಕ್ಕೆ ಬಂದವರಿಗೆ ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಫೋಟೊ ತೆಗೆದವುಗಳ ನೆನಪೇ ಕಡಿಮೆಯಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು, ಗಮನವಿಟ್ಟು ಫೋಟೊ ತೆಗೆದವರ ನೆನಪು ಮಾಸಿರಲಿಲ್ಲ. ಮೇಲಿಂದ ಮೇಲೆ ಪಿನ್ ಒತ್ತುತ್ತ ಹೋಗುವವರಿಗೆ ಇದು ಎಚ್ಚರಿಕೆಯ ಮಾತು. ಸಂಗ್ರಹ ಬೆಳೆಯುತ್ತದೆ, ಪಾಠ ಬೆಳೆಯುವುದಿಲ್ಲ.

ಇದಕ್ಕೆ ಮದ್ದು ಸರಳ. ಪ್ರತಿ ಪಿನ್ನಿನ ಜೊತೆ ಸ್ವಂತ ಮಾತಿನಲ್ಲಿ ಒಂದು ಸಾಲು ಬರೆಯಬೇಕು. ನಾವೇ ಹೊಳೆಯಿಸಿಕೊಂಡ ಪದಗಳು ಬರೀ ಓದಿದ ಪದಗಳಿಗಿಂತ ಚೆನ್ನಾಗಿ ನೆನಪಿರುತ್ತವೆಂದು 1978ರಲ್ಲೇ ಸ್ಲಮೆಕಾ ಮತ್ತು ಗ್ರಾಫ್ ಎಂಬ ಸಂಶೋಧಕರು ತೋರಿಸಿದ್ದಾರೆ. ‘ಚೆನ್ನಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಐದೆಸಳಿನ ದಾಸವಾಳವೇ ಬೇಕು, ಎಸಳು ಮುದ್ದೆಗಟ್ಟಿದ ಜಾತಿಯಲ್ಲಿ ಕೇಸರಗಳು ಸರಿಯಾಗಿ ಕಾಣುವುದಿಲ್ಲ’ ಎಂಬಂಥ ಸಾಲು ಬೇಕು.

ಹಂಚಿಕೊಳ್ಳುವಾಗ ಈ ಸಾಲಿನ ಬೆಲೆ ಇನ್ನೂ ಹೆಚ್ಚು. ಒಂದು ಕ್ಲಸ್ಟರಿನ ನಾಲ್ಕಾರು ಶಿಕ್ಷಕರು ಸೇರಿ ಒಂದೇ ಬೋರ್ಡನ್ನು ಬೆಳೆಸಬಹುದು. ಚಿತ್ರ ಯಾವ ದೇಶದ್ದಾದರೂ ಆಗಲಿ, ಕನ್ನಡದ ಟಿಪ್ಪಣಿ ಅದನ್ನು ನಮ್ಮ ತರಗತಿಗೆ ಒಗ್ಗಿಸುತ್ತದೆ. ಕೆಲವು ಎಚ್ಚರಗಳೂ ಇರಲಿ. ಮೂಲ ಪುಟ ನಾಳೆ ಅಳಿದುಹೋಗಬಹುದು, ಆದ್ದರಿಂದ ಸಾರವನ್ನು ಬರೆದಿಟ್ಟುಕೊಳ್ಳಿ. ಚಿತ್ರ ಯಾರದೆಂದು ನೋಡಿ; ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದನ್ನು ನಿಯಮ ಪಾಲಿಸಿ ನಿಶ್ಚಿಂತೆಯಿಂದ ಹಂಚಬಹುದು. ಮಕ್ಕಳ ಮುಖ ಕಾಣುವ ಫೋಟೊಗಳನ್ನು ಮಾತ್ರ ಎಲ್ಲರಿಗೂ ಕಾಣುವ ಬೋರ್ಡಿಗೆ ಹಾಕಲೇಬಾರದು.

ಕಣ್ಣಿಗೆ ಬೀಳುವಂತೆ ಇಡುವ ಈ ವಿದ್ಯೆ ನಮ್ಮ ಶಾಲೆಗಳಿಗೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ತರಗತಿಗಳಲ್ಲಿ ಚಿತ್ರಗಳಿರುವ ಕಾರ್ಡುಗಳಿವೆ, ಮಕ್ಕಳ ಕೈಕೆಲಸ ತೂಗುವ ಚಪ್ಪರವಿದೆ. ಅಕ್ಷರ ಓದಲು ಬಾರದ ಮಗುವೂ ತನ್ನ ಕಾರ್ಡನ್ನು ಚಿತ್ರ ನೋಡಿಯೇ ಎತ್ತಿಕೊಳ್ಳುತ್ತದೆ.

ನಾಳೆಯ ಪಾಠ ಮುಗಿಸಿ ಬಂದ ಶಿಕ್ಷಕಿ ದಾಸವಾಳದ ಚಿತ್ರವೊಂದನ್ನು ಪಿನ್ ಮಾಡಿ ಕೆಳಗೆ ಬರೆಯಲಿ: ‘ಬೆಳಗಿನ ಪೀರಿಯಡ್‌ನಲ್ಲೇ ಮಾಡಿ. ಸಂಜೆಗೆ ಹೂವು ಮುದುಡುತ್ತದೆ.’ ಮುಂದಿನ ವರ್ಷ ಪಕ್ಕದೂರಿನ ಶಾಲೆಯಲ್ಲಿ ಇನ್ನೊಬ್ಬರು ಅದನ್ನು ಓದಿ, ಮಕ್ಕಳ ಕೈಗೆ ಅರಳಿದ ಹೂವನ್ನೇ ಕೊಟ್ಟಾರು.