ಚಳಿಗೆ ಆಮೆ ಊಟ ಬಿಟ್ಟಿದೆಯಾ? ಮೊದಲು ನೀರಿನ ಉಷ್ಣಾಂಶ ನೋಡಿ

ಪುಣೆ: ಡಿಸೆಂಬರ್, ಜನವರಿಯಲ್ಲಿ ಪುಣೆಯ ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದು ಹೊಸದೇನಲ್ಲ. ಹಿಂಜವಡಿ ಐಟಿ ಪಾರ್ಕ್ ಪಕ್ಕದ ವಾಕಡದಲ್ಲಿ ಫ್ಲ್ಯಾಟ್ ಮಾಡಿಕೊಂಡಿರುವವರು ಕಿಟಕಿ ಮುಚ್ಚಿ, ಕಂಬಳಿ ಹೊದ್ದು ಮಲಗುತ್ತಾರೆ. ಹಾಲ್‌ನ ಮೂಲೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿರುವ ಆಮೆಗೆ ಆ ಅನುಕೂಲವಿಲ್ಲ. ನಮ್ಮ ಹಾಗೆ ಒಳಗಿನಿಂದಲೇ ಮೈ ಬೆಚ್ಚಗಿಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ನೀರು ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ತಿನ್ನುವುದು ನಿಲ್ಲುತ್ತದೆ. ಮನೆಯವರು ಆಹಾರದ ಬ್ರ್ಯಾಂಡ್ ಬದಲಿಸಿ ನೋಡುತ್ತಾರೆ, ಥರ್ಮಾಮೀಟರ್ ಮಾತ್ರ ಇಡುವುದಿಲ್ಲ.

ಮೊದಲಿಗೆ, ಮನೆಯಲ್ಲಿರುವುದು ಯಾವ ಆಮೆ?

ಕನ್ನಡದಲ್ಲಿ ನೀರಿನದಕ್ಕೂ ನೆಲದ್ದಕ್ಕೂ 'ಆಮೆ' ಎನ್ನುವುದೊಂದೇ ಪದ. ಆದರೆ ಎರಡರ ಬದುಕೂ ಬೇರೆ, ಕಾನೂನೂ ಬೇರೆ. ಪೆಟ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್. ಇದರ ಮೂಲ ಅಮೆರಿಕದ ಮಿಸಿಸಿಪಿ ನದಿ ಕಣಿವೆ. ಬೆನ್ನ ಮೇಲೆ ನಕ್ಷತ್ರದಂಥ ಹಳದಿ ಗೆರೆಗಳಿದ್ದರೆ ಅದು ನಮ್ಮದೇ ನಕ್ಷತ್ರ ಆಮೆ. 2022ರ ತಿದ್ದುಪಡಿಯ ನಂತರ ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಕೆರೆ, ಗದ್ದೆಗಳಲ್ಲಿ ಕಾಣುವ ಮೆತ್ತನೆ ಚಿಪ್ಪಿನ ಫ್ಲ್ಯಾಪ್‌ಶೆಲ್ ಆಮೆಯೂ ಅದೇ ಪಟ್ಟಿಯಲ್ಲಿದೆ. 'ಲಕ್ಕಿ' ಎಂದು ಯಾರೋ ಕೊಟ್ಟರು ಎನ್ನುವುದು ಕಾನೂನಿನ ಮುಂದೆ ನಿಲ್ಲದು. ತಪ್ಪಿತಸ್ಥರಿಗೆ 3ರಿಂದ 7 ವರ್ಷ ಜೈಲು ಶಿಕ್ಷೆಯಿದೆ. ವಾಸ್ತುವಿಗೇ ಆಮೆ ಬೇಕಿದ್ದರೆ ಹಿತ್ತಾಳೆಯದು ಸಾಕು, ಅದಕ್ಕೆ ಹೀಟರ್ ಖರ್ಚೂ ಇಲ್ಲ!

ಮುಂದೆ ಹೇಳುವುದೆಲ್ಲ ಸ್ಲೈಡರ್ ಸಾಕುತ್ತಿರುವವರಿಗೆ.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಅಂಗಡಿಯಲ್ಲಿ 10 ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಕಾಣುವ ಮರಿ, ಹೆಣ್ಣಾಗಿದ್ದರೆ ಬೆಳೆದು 25 ಸೆಂಟಿಮೀಟರ್ ದಾಟಬಹುದು. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ. ಸಾಕುವವರು ಬಳಸುವ ಲೆಕ್ಕವೆಂದರೆ ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 38 ಲೀಟರ್ ನೀರು. ಹತ್ತು ಇಂಚಿನ ಆಮೆಗೆ ಅದು 380 ಲೀಟರ್ ಆಯಿತು. ಬರೀ ನೀರಿನ ತೂಕವೇ 380 ಕೆಜಿ! ಆದ್ದರಿಂದ ಅದನ್ನು ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬೇಡ. ದುಬಾರಿ ಗಾಜಿನ ಅಕ್ವೇರಿಯಂ ಬದಲು ನೆಲದ ಮೇಲಿಡುವ ಗಟ್ಟಿ ಪ್ಲಾಸ್ಟಿಕ್ ಟಬ್ ಆದರೂ ನಡೆಯುತ್ತದೆ.

ಈಜಲು ಆಳ ಬೇಕು, ಜತೆಗೆ ಮೈ ಪೂರ್ತಿ ಒಣಗಿಸಿಕೊಳ್ಳಲು ನೀರಿನಿಂದ ಮೇಲೆ ಒಂದು ಕಟ್ಟೆಯೂ ಬೇಕು. ಹತ್ತಲು ಇಳಿಜಾರು ಇರಲಿ. ಸದಾ ಒದ್ದೆಯಾಗಿರುವ ಚಿಪ್ಪಿಗೆ ಸೋಂಕು ತಗಲುವ ಅಪಾಯ ಹೆಚ್ಚು. ಆಮೆ ಮೀನಿಗಿಂತ ಹೆಚ್ಚು ಗಲೀಜು ಮಾಡುವುದರಿಂದ ಫಿಲ್ಟರ್ ದೊಡ್ಡದೇ ಇರಬೇಕು.

ಶಾಖ ಎಷ್ಟು?

ನೀರು 24ರಿಂದ 27 ಡಿಗ್ರಿ, ಮೈ ಕಾಯಿಸುವ ಕಟ್ಟೆ 30ರಿಂದ 33 ಡಿಗ್ರಿ. ಈ ವ್ಯತ್ಯಾಸವೇ ಮುಖ್ಯ. ಬೇಕಾದಾಗ ಹತ್ತಿ ಬಿಸಿಯಾಗಿ, ಸಾಕೆನಿಸಿದಾಗ ನೀರಿಗಿಳಿದು ತಂಪಾಗುವುದೇ ಆಮೆ ತನ್ನ ಮೈಯ ಉಷ್ಣಾಂಶ ನಿಭಾಯಿಸುವ ರೀತಿ. ಮುಚ್ಚಿದ ಫ್ಲ್ಯಾಟ್‌ನೊಳಗೆ ಹೊರಗಿನಷ್ಟು ಚಳಿ ಇರದಿದ್ದರೂ ಬೆಳಗಿನ ಜಾವ ನೀರು 24ಕ್ಕಿಂತ ಸಾಕಷ್ಟು ಕೆಳಗಿಳಿದಿರುತ್ತದೆ.

ಇದಕ್ಕೆ ಥರ್ಮೋಸ್ಟಾಟ್ ಇರುವ, ನೀರಿನಲ್ಲಿ ಮುಳುಗುವ ಅಕ್ವೇರಿಯಂ ಹೀಟರ್ ಬೇಕು. ಲೀಟರ್‌ಗೆ ಅಂದಾಜು ಒಂದು ವಾಟ್ ಲೆಕ್ಕ. ಬಕೆಟ್ ನೀರು ಕಾಯಿಸುವ ರಾಡ್ ಅನ್ನು ಯಾವ ಕಾರಣಕ್ಕೂ ತೊಟ್ಟಿಗೆ ಇಳಿಸಬೇಡಿ. ಆಮೆ ಹೀಟರ್‌ಗೆ ಗುದ್ದುತ್ತದೆ, ಗಾಜಿನದಾದರೆ ಒಡೆಯುತ್ತದೆ. ಹಾಗಾಗಿ ಸುತ್ತ ರಂಧ್ರವಿರುವ ಕವರ್ ಹಾಕಿ. ನೀರು ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿ. ವೈರ್ ಸಾಕೆಟ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರುವಂತಿರಲಿ, ಆಗ ವೈರ್ ಗುಂಟ ಹರಿದ ಹನಿ ಸ್ವಿಚ್ ಬೋರ್ಡ್ ಸೇರದೆ ನೆಲಕ್ಕೆ ಬೀಳುತ್ತದೆ. ಮನೆಯ ಮೀಟರ್ ಬಳಿ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಕೇಳಿ. ಕರೆಂಟ್ ಸೋರಿದರೆ ಲೈನ್ ಕಡಿಯುವುದು ಅದೇ.

ಕಟ್ಟೆಯ ಮೇಲೆ ಸಾಧಾರಣ ಹ್ಯಾಲೊಜೆನ್ ಬಲ್ಬ್ ಸಾಕು. ಬಿಗಿಯಾಗಿ ಕೂರಿಸಿ, ನೀರಿಗೆ ಬೀಳಬಾರದು.

ಕಿಟಕಿ ಬಿಸಿಲು ಯಾಕೆ ಸಾಲದು?

ಹೆಚ್ಚಿನವರು ಎಡವುವುದು ಇಲ್ಲೇ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ದೇಹದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಕಿಟಕಿಯ ಗಾಜು ಬಿಸಿಯನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಚಿಪ್ಪು ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ, ಕಾಲು ಸೊಟ್ಟಗಾಗುತ್ತದೆ.

ಸರೀಸೃಪಗಳಿಗೆಂದೇ ಇರುವ ಯುವಿಬಿ ದೀಪವನ್ನು ದಿನಕ್ಕೆ 10-12 ಗಂಟೆ ಉರಿಸಬೇಕು, ರಾತ್ರಿ ಆರಿಸಬೇಕು. ಎಷ್ಟು ದೂರದಲ್ಲಿರಬೇಕು ಎಂಬುದು ಪ್ಯಾಕ್ ಮೇಲಿರುತ್ತದೆ. ನಡುವೆ ಗಾಜು, ಪ್ಲಾಸ್ಟಿಕ್ ಬರಬಾರದು. ಬೆಳಕು ಕಾಣುತ್ತಿದ್ದರೂ ಯುವಿಬಿ ಕುಗ್ಗುತ್ತಾ ಹೋಗುವುದರಿಂದ 6ರಿಂದ 12 ತಿಂಗಳಿಗೊಮ್ಮೆ ಬದಲಿಸಿ. ನೀಲಿ ಎಲ್‌ಇಡಿಯಿಂದ ಉಪಯೋಗವಿಲ್ಲ. ವಾಟರ್ ಪ್ಯೂರಿಫೈಯರ್‌ನ ಯುವಿ ದೀಪವಂತೂ ಬೇಡವೇ ಬೇಡ, ಅದು ಯುವಿಸಿ. ಆಮೆಯ ಕಣ್ಣಿಗೂ ನಿಮ್ಮ ಕಣ್ಣಿಗೂ ಅಪಾಯ.

ಬಾಲ್ಕನಿಯಲ್ಲಿ ನೇರ ಬಿಸಿಲು ಕೊಡುವುದು ಒಳ್ಳೆಯದೇ. ಆದರೆ ಅರ್ಧ ಭಾಗ ನೆರಳಿರಲಿ, ಮೇಲೆ ಜಾಲರಿ ಇರಲಿ, ಏಕೆಂದರೆ ಹದ್ದು ಮತ್ತು ಕಾಗೆ ಹೊಂಚು ಹಾಕುತ್ತವೆ. ಏಪ್ರಿಲ್‌ನಲ್ಲಿ ಪುಣೆ 40 ಡಿಗ್ರಿ ಮುಟ್ಟಿದಾಗ ಬಿಸಿಲಿಗಿಟ್ಟ ಗಾಜಿನ ತೊಟ್ಟಿಯ ನೀರು ಬೇಗ ಕಾದು ಆಮೆಯ ಜೀವಕ್ಕೇ ಕುತ್ತಾಗಬಹುದು.

ವೈದ್ಯರ ಬಳಿ ಯಾವಾಗ ಹೋಗಬೇಕು?

ಒಂದು ಪಕ್ಕಕ್ಕೆ ವಾಲಿ ಈಜುವುದು, ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಊದಿ ಮುಚ್ಚಿಕೊಂಡ ಕಣ್ಣು ವಿಟಮಿನ್ ಎ ಕೊರತೆಯ ಲಕ್ಷಣವಾಗಿರಬಹುದು. ನಾಯಿ, ಬೆಕ್ಕು ಮಾತ್ರ ನೋಡುವ ವೈದ್ಯರಿಗಿಂತ ಸರೀಸೃಪಗಳ ಅನುಭವವಿರುವವರನ್ನು ಹುಡುಕಿ.

ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ತೊಟ್ಟಿಯನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಆಮೆಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಲ್ಲದು. ಅಮೆರಿಕ 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆ ಮಾರಾಟ ನಿಷೇಧಿಸಿದ್ದು ಇದೇ ಕಾರಣಕ್ಕೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ ಬೇಕು.

ಇಷ್ಟೆಲ್ಲ ಆಗದು ಎನಿಸಿದರೆ ವಾಕಡದ ಪಕ್ಕದಲ್ಲೇ ಹರಿಯುವ ಮುಳಾ ನದಿಗೆ ಬಿಟ್ಟು ಬರಬೇಡಿ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ರೆಡ್ ಇಯರ್ಡ್ ಸ್ಲೈಡರ್ ಹೆಸರಿದೆ. ಸ್ಥಳೀಯ ಆಮೆಗಳ ಆಹಾರ, ಜಾಗ ಎರಡನ್ನೂ ಅದು ಕಸಿಯುತ್ತದೆ. ಬೇರೆ ಸಾಕುವವರಿಗೆ ಅಥವಾ ಪ್ರಾಣಿ ರಕ್ಷಣಾ ಸಂಸ್ಥೆಗೆ ಒಪ್ಪಿಸಿ. ಮನೆಯಲ್ಲಿರುವುದು ನಕ್ಷತ್ರ ಆಮೆ ಎಂದು ಗೊತ್ತಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕರ್ನಾಟಕದಲ್ಲೂ ಇದೇ ಸಂಖ್ಯೆ.